ತೋಡಂಗಿನ ಗುರುತು

ವಿರಾಜಪೇಟೆಯಲ್ಲಿ ನನ್ನದೊಂದು ಹೊಲಿಗೆ ಅಂಗಡಿ. ಹತ್ತು ವರ್ಷದ ಹಿಂದೆ ಹಳೆಯದೊಂದು ಕಪ್ಪು ಕುಪ್ಯ, ಅಂದರೆ ಕೊಡವ ಗಂಡಸರು ತೊಡುವ ಉದ್ದ ಕೋಟು, ರಿಪೇರಿಗೆ ಬಂತು. ಬೆನ್ನಿನ ಕೆಳಗೆ, ಸೊಂಟದ ಮಟ್ಟಕ್ಕೆ, ಅಂಗೈಯಗಲದ ಹಸಿರು ಕಲೆ. ಕಲೆ ಕಂಡರೆ ತೆಗೆಯುವುದೇ ಕೆಲಸ ಅಂದುಕೊಂಡಿದ್ದ ಕಾಲ ಅದು. ಹಿತ್ತಾಳೆ ಪಾತ್ರೆ ಉಜ್ಜುವ ಹಾಗೆ ಹುಣಸೆಹುಳಿ ಹಚ್ಚಿದೆ, ಕಲೆ ಹೋಯಿತು. ಬಟ್ಟೆ ತಗೊಂಡು ಹೋಗಲು ಬಂದ ಹಿರಿಯರು ಅದನ್ನು ತಿರುಗಿಸಿ ನೋಡಿದರು. "ತೋಡಂಗಿನ ಗುರುತು ಎಲ್ಲಿ ಹೋಯ್ತಮ್ಮಾ?"

ಒಡಿಕತ್ತಿ ಅನ್ನುವ ಅಗಲ ಅಲಗಿನ ಬಾಗಿದ ಕತ್ತಿಯನ್ನು ಸಿಕ್ಕಿಸಲು ಬೆನ್ನ ಹಿಂದೆ ಕಟ್ಟುವ ಹಿತ್ತಾಳೆಯ ಕೊಂಡಿಯೇ ತೋಡಂಗ್. ಬೆವರು, ಮಳೆ ತಾಗಿ ತಾಗಿ ಅದಕ್ಕೆ ಕಿಲುಬು ಹಿಡಿದು ಬಟ್ಟೆಗೆ ಇಳಿದಿತ್ತು. ಅವರ ಅಜ್ಜನ ಸೊಂಟ ಎಷ್ಟು ಎತ್ತರಕ್ಕಿತ್ತು, ಕತ್ತಿ ಯಾವ ಕಡೆಗೆ ವಾಲುತ್ತಿತ್ತು, ಕುಪ್ಯವನ್ನು ಎಷ್ಟು ಸಲ ಮನಸಾರೆ ತೊಟ್ಟಿದ್ದರು ಅನ್ನುವುದಕ್ಕೆಲ್ಲ ಉಳಿದಿದ್ದ ಸಾಕ್ಷಿ ಅದೊಂದೇ. ಅದನ್ನು ನಾನು ತೊಳೆದುಬಿಟ್ಟಿದ್ದೆ. ಆ ಹಿರಿಯರು ಬೈಯಲಿಲ್ಲ. ದುಡ್ಡು ಕೊಟ್ಟು ಹೋದರು. ಅವತ್ತಿಂದ ಹಳೆಯ ಬಟ್ಟೆ ಬಂದರೆ ಮೊದಲು ಭೂತಗನ್ನಡಿ ತೆಗೆಯುತ್ತೇನೆ, ಸೂಜಿ ಆಮೇಲೆ.

ಕಳೆದ ವರ್ಷ ನಮ್ಮ ಆಯುಧಪೂಜೆಯ ಹಬ್ಬ ಕೈಲ್ ಪೊಳ್ದ್ ಹೊತ್ತಿಗೆ ಅಜ್ಜಿಯೊಬ್ಬರು ಐನ್‌ಮನೆಯ, ಅಂದರೆ ಕುಟುಂಬದ ಮೂಲಮನೆಯ, ಟ್ರಂಕಿನಿಂದ ಕುಪ್ಯಚೇಲೆ ತಂದರು. ಕುಪ್ಯದ ಮೇಲೆ ಸೊಂಟಕ್ಕೆ ಕಟ್ಟುವ ಪಟ್ಟಿಯೇ ಚೇಲೆ. ಮಳೆಗಾಲದಲ್ಲಿ ನಮ್ಮಲ್ಲಿ ಗೋಡೆಯೇ ಬೆವರುತ್ತದೆ, ಟ್ರಂಕಿನೊಳಗೆ ಬೂಷ್ಟು ಹಿಡಿಯದೆ ಇರುತ್ತದೆಯೇ? ಕೆಂಪು ರೇಷ್ಮೆಯ ಚೇಲೆಯನ್ನು ನಾಲ್ಕಾಗಿ ಮಡಿಸಿ, ಪತ್ರಿಕೆ ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿಟ್ಟಿದ್ದರು. ಎರಡೂ ಬಟ್ಟೆಗೆ ಆಗದ ವಸ್ತುಗಳು. ಪತ್ರಿಕೆಯ ಕಾಗದದಲ್ಲಿ ಆಮ್ಲ ಇರುತ್ತದೆ. ರಬ್ಬರಿನಲ್ಲಿರುವ ಗಂಧಕ ಬೆಳ್ಳಿಯನ್ನು ಕಪ್ಪಾಗಿಸುತ್ತದೆ. ಬ್ಯಾಂಡ್ ಕೂತಿದ್ದ ಜಾಗದಲ್ಲಿ ಜರಿಯ ಮೇಲೆ ನೇರ ಕಪ್ಪು ಗೆರೆ.

ಗಾಜಿನಡಿ ಒಂದು ಜರಿ ಎಳೆ ನೋಡಿದೆ. ಒಳಗೆ ರೇಷ್ಮೆಯ ದಾರ, ಅದರ ಸುತ್ತ ಕೂದಲಿಗಿಂತ ತೆಳ್ಳಗೆ ಸುರುಳಿ ಸುತ್ತಿದ ಬೆಳ್ಳಿಯ ಪಟ್ಟಿ, ಮೇಲೆ ಚಿನ್ನದ ಲೇಪ. ಪೀಚೆಕತ್ತಿ ಅನ್ನುವ ಸಣ್ಣ ಚೂರಿ ಸಿಕ್ಕಿಸುವ ಜಾಗದಲ್ಲಿ ಚಿನ್ನ ಸವೆದು ಬೆಳ್ಳಿ ಕಾಣುತ್ತಿತ್ತು. ಅಲ್ಲೇ ಒಂದಷ್ಟು ಅಗಲ ರೇಷ್ಮೆಯ ಎಳೆಗಳು ಕಡಿದಿದ್ದವು. ಉಳಿದ ಚೇಲೆ ಗಟ್ಟಿಮುಟ್ಟು. ಹುಳ ತಿಂದದ್ದಲ್ಲ, ವರ್ಷ ವರ್ಷ ಕತ್ತಿ ತಿಕ್ಕಿಯೇ ಆದ ಸವಕಲು. ಅದನ್ನು ಮುಚ್ಚಿಹಾಕಬಾರದು, ಹೆಚ್ಚಾಗದಂತೆ ಹಿಡಿದಿಟ್ಟರೆ ಸಾಕು.

ತೊಳೆಯಬಹುದೇ ಎಂದು ನೋಡಲು ಡಿಸ್ಟಿಲ್ಡ್ ನೀರಿನಲ್ಲಿ ಹತ್ತಿ ಅದ್ದಿ ಮೂಲೆಯಲ್ಲಿ ಒತ್ತಿದೆ. ಹತ್ತಿ ಕೆಂಪಾಯಿತು. ಅಲ್ಲಿಗೆ ನೀರಿನ ಮಾತು ಮುಗಿಯಿತು. ಬಿಸಿಲು ಬಿದ್ದ ದಿನ ನೆರಳಲ್ಲಿ ಒಣಗಿಸಿ, ಮೇಲೆ ಸೊಳ್ಳೆಪರದೆ ಬಿಗಿದು, ವ್ಯಾಕ್ಯೂಮ್ ಅನ್ನು ಸಣ್ಣದರಲ್ಲಿಟ್ಟು ಬೂಷ್ಟಿನ ಪುಡಿ ಎಳೆದೆ. ಕಡಿದ ಕಡೆ ಅದೇ ಬಣ್ಣದ ತೆಳು ರೇಷ್ಮೆ ಕೆಳಗಿಟ್ಟು, ಒಂಟಿ ಎಳೆಯಲ್ಲಿ ಹೊಲಿದೆ. ಹೊಲಿಗೆ ಸಡಿಲವಾಗಿಯೇ ಇರಬೇಕು. ಬಿಗಿದರೆ ಹೊಸ ದಾರವೇ ಹಳೆಯದನ್ನು ಕೊಯ್ಯುತ್ತದೆ. ಆಮೇಲೆ ಮಡಿಸದೆ, ಗಂಜಿ ಹೋಗುವಂತೆ ತೊಳೆದ ಮಲ್ ಬಟ್ಟೆ ಸುತ್ತಿದ ದಪ್ಪ ಕೊಳವೆಗೆ ಸುರುಳಿ ಮಾಡಿದೆ. ಮಡಿಸಿಟ್ಟ ರೇಷ್ಮೆ ಮಡಿಕೆಯಲ್ಲೇ ಸೀಳುತ್ತದೆ. ವಸ್ತುಸಂಗ್ರಹಾಲಯಗಳಲ್ಲಿ ರೇಷ್ಮೆಗೆ 50 ಲಕ್ಸ್‌ಗಿಂತ ಹೆಚ್ಚು ಬೆಳಕು ಬೀಳಬಾರದೆಂಬ ಕಟ್ಟುಪಾಡಿದೆ. ನಮ್ಮ ಮನೆಗಳಲ್ಲಿ ಕಿಟಕಿಯಿಂದ ದೂರದ ಕತ್ತಲೆ ಕೋಣೆ ಸಾಕು.

ಮಡಿಕೇರಿ ಕೋಟೆಯೊಳಗೆ ಹಳೆಯ ಚರ್ಚಿನಲ್ಲಿರುವ ವಸ್ತುಸಂಗ್ರಹಾಲಯಕ್ಕೆ ಹೋದಾಗಲೆಲ್ಲ ನನ್ನನ್ನು ಕಾಡುವುದು ಇದೇ. ಆಯುಧ ಉಳಿದಿದೆ, ಕಲ್ಲಿನ ಶಿಲ್ಪ ಉಳಿದಿದೆ. ಆ ಕತ್ತಿಗಳನ್ನು ಸೊಂಟದಲ್ಲಿ ಹೊತ್ತ ಬಟ್ಟೆ ಮಾತ್ರ ಮನೆಮನೆಯ ಟ್ರಂಕಿನಲ್ಲಿ ಸದ್ದಿಲ್ಲದೆ ಪುಡಿಯಾಗುತ್ತಿದೆ.

ಅಜ್ಜಿಯ ಮೊಮ್ಮಗ ಸುಗ್ಗಿ ಹಬ್ಬ ಹುತ್ತರಿಗೆ ಆ ಕುಪ್ಯಚೇಲೆಯನ್ನೇ ತೊಡುತ್ತೇನೆ ಎಂದ. ಬೇಡ ಅಂದೆ. ಅಜ್ಜಿಗೆ ಬೇಸರವಾಯಿತು. "ತೊಡದ ಬಟ್ಟೆ ಯಾಕೆ ಬೇಕು, ಹೇಳಿ?" ಆ ಪ್ರಶ್ನೆ ಸುಳ್ಳಲ್ಲ. ಚೇಲೆ ಬಿಗಿದು ಕಟ್ಟಿದರೇನೇ ಚೇಲೆ. ಅದಕ್ಕೇ ಹಳೆಯ ಕುಪ್ಯದ ಅಳತೆಯನ್ನು ಕಾಗದದ ಮೇಲೆ ಇಳಿಸಿ ಹೊಸದನ್ನು ಹೊಲಿಯಲು ಕೂತೆ.

ಆಗ ಕಂಡದ್ದು ಪಕ್ಕದ ಹೊಲಿಗೆ. ಈಗಿನ ಹೊಲಿಗೆಯ ಒಳಗೆ, ಒಂದು ಇಂಚು ಅಂತರದಲ್ಲಿ, ಹಳೆ ಹೊಲಿಗೆ ಬಿಚ್ಚಿದ ತೂತುಗಳ ಇನ್ನೊಂದು ಸಾಲು. ಯಾರೋ ಬಿಡಿಸಿ ಅಗಲ ಮಾಡಿದ್ದಾರೆ. ತೋರಿಸಿದಾಗ ಅಜ್ಜಿ ಆ ತೂತುಗಳ ಮೇಲೆ ಬೆರಳಾಡಿಸಿದರು. "ಇದು ಮೊದಲು ನಮ್ಮ ಭಾವಂದು. ಅವರು ಸಣ್ಣ ಆಳು. ಅವರು ಹೋದ ಮೇಲೆ ನಮ್ಮೋರು ತೊಟ್ಟದ್ದು." ಮೊಮ್ಮಗನಿಗೆ ಆ ಅಜ್ಜನ ಹೆಸರೇ ಗೊತ್ತಿರಲಿಲ್ಲ. ಹೆಸರು, ತೊಟ್ಟ ಸಂದರ್ಭ, ಯಾವ ಗುರುತು ಯಾವುದರಿಂದ ಅನ್ನುವುದನ್ನೆಲ್ಲ ಅಜ್ಜಿ ಹೇಳುತ್ತಾ ಹೋದರು, ಅವನು ಕಾರ್ಡಿನ ಮೇಲೆ ಪೆನ್ಸಿಲಿನಲ್ಲಿ ಬರೆದ. ಕಾರ್ಡು ಈಗ ಸುರುಳಿಯ ಜೊತೆ ಪೆಟ್ಟಿಗೆಯಲ್ಲಿದೆ.

ಹೊಸ ಕುಪ್ಯದ ಪಕ್ಕಗಳಲ್ಲೂ ಒಂದೂವರೆ ಇಂಚು ಬಟ್ಟೆ ಒಳಗೆ ಬಿಟ್ಟಿದ್ದೇನೆ. ತೋಡಂಗಿನಿಂದ ಕಲೆಯಾದರೆ ತೊಳೆಯಬೇಡ ಎಂದು ಹುಡುಗನಿಗೆ ಎರಡು ಸಲ ಹೇಳಿದೆ. ಹುತ್ತರಿ ಮುಗಿದ ಮಾರನೇ ದಿನ ಅವನು ಬೆನ್ನಿನ ಕಡೆಯ ಫೋಟೋ ಕಳಿಸಿದ. ಇನ್ನೂ ಏನೂ ಮೂಡಿಲ್ಲ.