ಎಂಜಲಿನ ಟ್ಯೂಬು, ಬೆಳಗಿನ ಆರು ಗಂಟೆ

ಮೂರು ವರ್ಷ ನಾನು ಬೇರೆಯವರ ಎಂಜಲು ಕೂಡಿಡುವ ಕೆಲಸ ಮಾಡಿದೆ. ಲ್ಯಾಬಿನಲ್ಲಿ ಅದಕ್ಕೆ ಸಲೈವಾ ಸ್ಯಾಂಪಲ್ ಅಂತ ದೊಡ್ಡ ಹೆಸರು. ತಿಪಟೂರಿನಲ್ಲಿರುವ ನಮ್ಮಮ್ಮನಿಗೆ ಮಾತ್ರ ಎಂಜಲು ಅಂದರೆ ಎಂಜಲೇ. "ಅಷ್ಟು ಓದಿಸಿದ್ದು ಇದಕ್ಕಾ?" ಅಂತ ಮೊದಲ ವರ್ಷ ಫೋನಿನಲ್ಲಿ ಎಷ್ಟು ಸಲ ಕೇಳಿದರೋ.

ಬೆಂಗಳೂರಿನಲ್ಲಿ ನನ್ನ ಪಿಎಚ್‌ಡಿ ಇದ್ದದ್ದು ರಾತ್ರಿ ಪಾಳಿಯ ನರ್ಸ್‌ಗಳ ಮೇಲೆ. ಅವರ ಮೈಯಲ್ಲಿ ಕಾರ್ಟಿಸೋಲ್ ದಿನವಿಡೀ ಹೇಗೆ ಏರಿಳಿಯುತ್ತದೆ ಅಂತ ನೋಡಬೇಕಿತ್ತು. ಕಿಡ್ನಿಯ ತಲೆ ಮೇಲೆ ಟೋಪಿ ಇಟ್ಟ ಹಾಗೆ ಅಡ್ರಿನಲ್ ಗ್ರಂಥಿ ಕೂತಿರುತ್ತದೆ. ಮಿದುಳಿನಿಂದ ಅಪ್ಪಣೆ ಬಂದಾಗ ಅದು ಕಾರ್ಟಿಸೋಲ್ ಬಿಡುತ್ತದೆ. ಹೆದರಿದರೆ, ಜಗಳವಾದರೆ, ಜ್ವರ ಬಂದರೆ ಜಾಸ್ತಿ ಬಿಡುತ್ತದೆ. ಅದಕ್ಕೇ ಸ್ಟ್ರೆಸ್ ಹಾರ್ಮೋನ್ ಅನ್ನುವ ಹೆಸರು ಅಂಟಿಕೊಂಡಿತು. ಆದರೆ ಯಾವ ಜಗಳವೂ ಇಲ್ಲದೆ, ಸುಮ್ನೆ ಎದ್ದು ಹಾಸಿಗೆ ಮೇಲೆ ಕೂತವರಲ್ಲೂ ಅದು ಏರುತ್ತದೆ. ಎಚ್ಚರವಾದ ಅರ್ಧ ಮುಕ್ಕಾಲು ಗಂಟೆಯಲ್ಲಿ, ಎದ್ದ ಕ್ಷಣ ಇದ್ದದ್ದಕ್ಕಿಂತ ಅರ್ಧದಷ್ಟು ಅಥವಾ ಇನ್ನೂ ಹೆಚ್ಚು ಮೇಲೆ ಹೋಗುತ್ತದೆ. ಆಮೇಲೆ ಸಂಜೆವರೆಗೂ ಇಳಿಯುತ್ತಾ ಬಂದು ನಡುರಾತ್ರಿ ಹೊತ್ತಿಗೆ ತಳ ಮುಟ್ಟುತ್ತದೆ. ಈ ಬೆಳಗಿನ ಏರಿಕೆಯೇ ನನ್ನ ಬೇಟೆ.

ರಕ್ತ ಯಾಕೆ ತೆಗೆಯಲಿಲ್ಲ ಅಂತ ಎಲ್ಲರೂ ಕೇಳುತ್ತಾರೆ. ಸೂಜಿ ಕಂಡರೇ ಕೆಲವರ ಕಾರ್ಟಿಸೋಲ್ ಏರುತ್ತದೆ, ಮತ್ತೆ ಅಳೆಯುವುದೇನನ್ನು? ಅದೂ ಅಲ್ಲದೆ ರಕ್ತದಲ್ಲಿರುವ ಕಾರ್ಟಿಸೋಲ್‌ನಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ಪ್ರೋಟೀನಿಗೆ ಅಂಟಿಕೊಂಡಿರುತ್ತದೆ. ಕೆಲಸ ಮಾಡುವುದು ಬಿಡಿಯಾಗಿರುವ ಉಳಿದ ಚೂರು. ಜೊಲ್ಲಿಗೆ ಇಳಿಯುವುದು ಆ ಚೂರೇ. ಹತ್ತಿಯ ಉಂಡೆಯಂಥ ಒಂದು ಸುರುಳಿಯನ್ನು ಬಾಯಲ್ಲಿ ಎರಡು ನಿಮಿಷ ಇಟ್ಟುಕೊಂಡು, ಟ್ಯೂಬಿಗೆ ಹಾಕಿ ಮುಚ್ಚಳ ಒತ್ತಿದರೆ ಮುಗಿಯಿತು.

ಹಾಗಂತ ನಾನು ಅಂದುಕೊಂಡಿದ್ದೆ.

ಮೊದಲ ವಾರವೇ ಒಬ್ಬ ನರ್ಸ್ ಟ್ಯೂಬುಗಳನ್ನೆಲ್ಲ ವಾಪಸ್ ತಂದುಕೊಟ್ಟರು, ಖಾಲಿ. ಅವರ ಅತ್ತೆ ಫ್ರಿಜ್ಜಿನಲ್ಲಿ ಇಡಲು ಬಿಡಲಿಲ್ಲವಂತೆ. ದೇವರ ಹಾಲು ಇರುವ ಕಡೆ ಎಂಜಲಿನ ಟ್ಯೂಬು ಇಡುವುದುಂಟಾ? ನನಗೆ ನಗು ಬರಲಿಲ್ಲ, ಯಾಕೆಂದರೆ ನಮ್ಮ ಮನೆಯಲ್ಲೂ ಅದೇ ಆಗುತ್ತಿತ್ತು. ಸ್ಟೀಲ್ ಡಬ್ಬಿ ಕೊಟ್ಟೆ, ಅದರ ಮೇಲೆ ಇನ್ನೊಂದು ಡಬ್ಬಿ ಕೊಟ್ಟೆ. ಊಹೂಂ. ಕೊನೆಗೆ ಓದಿದಾಗ ಗೊತ್ತಾಯಿತು: ಕಾರ್ಟಿಸೋಲ್ ಗಟ್ಟಿ ಪಿಂಡ, ಒಂದೆರಡು ದಿನ ಹೊರಗಿದ್ದರೆ ಅದಕ್ಕೇನೂ ಆಗುವುದಿಲ್ಲ. ಫ್ರಿಜ್ ನಿಯಮವನ್ನೇ ಕೈಬಿಟ್ಟೆ. ಟ್ಯೂಬುಗಳು ಚಪ್ಪಲಿ ಸ್ಟ್ಯಾಂಡಿನ ಮೇಲೆ, ಸ್ಕೂಟಿಯ ಡಿಕ್ಕಿಯಲ್ಲಿ ಕಾಯುತ್ತಿದ್ದವು. ಮಾರನೇ ದಿನ ನಾನು ಹೋಗಿ ತಂದು ಮೈನಸ್ 20 ಡಿಗ್ರಿಗೆ ಹಾಕುತ್ತಿದ್ದೆ.

ಇನ್ನೊಂದು ರಗಳೆ ಕಾಫಿ. ಎದ್ದು 45 ನಿಮಿಷ ಹಲ್ಲುಜ್ಜಬಾರದು, ನೀರು ಬಿಟ್ಟು ಬೇರೇನೂ ಬಾಯಿಗೆ ಹಾಕಬಾರದು. ಹಲ್ಲುಜ್ಜಿದರೆ ವಸಡಿನಿಂದ ರಕ್ತ ಬರಬಹುದು, ರಕ್ತ ಬೆರೆತ ಜೊಲ್ಲು ಅಂಕಿಯನ್ನು ಕೆಡಿಸುತ್ತದೆ. ಮುಖ ತೊಳೆಯದೆ ಒಲೆ ಮುಟ್ಟದ ಮನೆಯವರಿಗೆ ಇದನ್ನು ಹೇಳುವುದು ಸುಲಭವಲ್ಲ. ಎಲೆಅಡಿಕೆಯ ಚಟ ಇದ್ದ ಆಯಾ ಒಬ್ಬರ ಟ್ಯೂಬುಗಳಂತೂ ಕುಂಕುಮ ಕದಡಿದ ಹಾಗೆ ಬಂದವು. ಅವನ್ನು ಯಂತ್ರಕ್ಕೆ ಹಾಕುವ ಧೈರ್ಯವಾಗಲಿಲ್ಲ.

ಆದರೆ ನಿಜವಾಗಿ ನನ್ನನ್ನು ಕಾಡಿದ್ದು ಗಡಿಯಾರ.

ಎದ್ದ ತಕ್ಷಣ ಒಂದು, 30 ನಿಮಿಷಕ್ಕೆ ಒಂದು, 45ಕ್ಕೆ ಒಂದು. ಈ ಏರಿಕೆಯನ್ನು ಅಳೆಯುವವರು 2016ರಲ್ಲಿ ಒಟ್ಟಾಗಿ ಹಾಕಿಕೊಂಡ ನಿಯಮ ಅದು. ನರ್ಸ್‌ಗಳು ಸಮಯ ಬರೆದುಕೊಡುತ್ತಿದ್ದ ಕಾಗದಗಳು ಎಷ್ಟು ಚೆಂದ ಇದ್ದವು ಅಂದರೆ, 6:00, 6:30, 6:45. ಎಲ್ಲರೂ ಹಾಗೇ. ದಿನವೂ ಹಾಗೇ. ಲೋಕದಲ್ಲಿ ಯಾರೂ ಇಷ್ಟು ನೀಟಾಗಿ ಬದುಕುವುದಿಲ್ಲ, ಅಲ್ವಾ? ಒಬ್ಬರನ್ನು ಕ್ಯಾಂಟೀನಿನಲ್ಲಿ ಕೂರಿಸಿಕೊಂಡು ಮೆಲ್ಲಗೆ ಕೇಳಿದೆ. "ಮಗು ಅಳ್ತಿತ್ತು ಮೇಡಂ, ಒಂದು ಕಾಲು ಗಂಟೆ ಆಚೀಚೆ ಆಗಿರಬಹುದು. ನಿಮಗೆ ಬೇಜಾರಾಗಬಾರದು ಅಂತ ಸರಿಯಾಗಿ ಬರೆದೆ" ಅಂದರು.

ಆ ಕಾಲು ಗಂಟೆಯೇ ಕಥೆ ಕೆಡಿಸುವುದು. ಮೊದಲ ಟ್ಯೂಬು ತಡವಾದರೆ ಅಷ್ಟರಲ್ಲಿ ಕಾರ್ಟಿಸೋಲ್ ಅರ್ಧ ಮೆಟ್ಟಿಲು ಹತ್ತಿಬಿಟ್ಟಿರುತ್ತದೆ. ಮುಂದಿನ ಅಂಕಿಯಿಂದ ಅದನ್ನು ಕಳೆದರೆ ಏರಿಕೆಯೇ ಇಲ್ಲದಂತೆ ಕಾಣುತ್ತದೆ. 'ರಾತ್ರಿ ಪಾಳಿಯಿಂದ ಈಕೆಯ ವ್ಯವಸ್ಥೆ ಬಳಲಿದೆ' ಅಂತ ನಾನು ಬರೆದುಬಿಡುತ್ತಿದ್ದೆ. ಬಳಲಿದ್ದು ಅಲಾರಂ. ಮುಚ್ಚಳ ತೆಗೆದ ಹೊತ್ತನ್ನು ತಾನೇ ಬರೆದುಕೊಳ್ಳುವ ಬಾಟಲಿಗಳಿವೆ. ಅವನ್ನು ಕೊಟ್ಟು ನೋಡಿದ ವಿದೇಶದ ಸಂಶೋಧಕರಿಗೂ ಇದೇ ಅನುಭವ: ಜನ ಬರೆದ ಹೊತ್ತೇ ಬೇರೆ, ಬಾಟಲಿ ಹೇಳಿದ ಹೊತ್ತೇ ಬೇರೆ. ನನ್ನ ಬಜೆಟ್ಟಿಗೆ ಆ ಬಾಟಲಿ ಎಟುಕಲಿಲ್ಲ. ಪ್ರತಿ ಟ್ಯೂಬಿನೊಳಗೆ ಮೂರಂಕಿಯ ಚೀಟಿ ಮಡಚಿಟ್ಟೆ. ತೆರೆದಾಗ ಆ ಚೀಟಿಯ ಫೋಟೋ ವಾಟ್ಸಾಪ್ ಮಾಡಬೇಕು, ಅಷ್ಟೇ. ಅಲ್ಲಿಂದ 6:04, 6:37, 6:52 ಬರತೊಡಗಿದವು. ಆ ವಕ್ರ ಅಂಕಿಗಳನ್ನು ನೋಡಿ ನನಗಾದ ಖುಷಿ ಅಷ್ಟಿಷ್ಟಲ್ಲ. ಮೊದಲಿನ ನಾಲ್ಕು ತಿಂಗಳ ಟ್ಯೂಬುಗಳನ್ನು ಪೂರ್ತಿ ಎಸೆದೆ. ಎಸೆದ ದಿನ ಊಟ ಸೇರಲಿಲ್ಲ.

ಅಳೆಯುವ ಕೆಲಸ ಇದಕ್ಕಿಂತ ಹಗುರ. ಅಂಗೈಯಷ್ಟು ಪ್ಲಾಸ್ಟಿಕ್ ತಟ್ಟೆ, ಅದರಲ್ಲಿ 96 ಗುಳಿ, ಮಕ್ಕಳ ಚೆನ್ನೆಮಣೆಯ ಹಾಗೆ. ಗುಳಿಯ ತಳದಲ್ಲಿ ಕಾರ್ಟಿಸೋಲ್ ಹಿಡಿಯುವ ಪ್ರತಿಕಾಯ ಅಂಟಿಸಿರುತ್ತಾರೆ. ನಮ್ಮ ಜೊಲ್ಲಿನ ಜೊತೆ, ಕಿಣ್ವ ಕಟ್ಟಿದ ಕಾರ್ಟಿಸೋಲನ್ನೂ ಹಾಕುತ್ತೇವೆ. ಎರಡಕ್ಕೂ ಜಾಗಕ್ಕಾಗಿ ಪೈಪೋಟಿ, ಬಸ್ಸಿನಲ್ಲಿ ಸೀಟಿಗೆ ಟವೆಲ್ ಹಾಕಿದ ಹಾಗೆ. ತೊಳೆದು ಬಣ್ಣ ಬರಿಸುವ ದ್ರವ ಹಾಕಿದರೆ, ಸೀಟು ಹಿಡಿದ ಕಿಣ್ವದಿಂದ ನೀಲಿ ಬರುತ್ತದೆ, ಆಸಿಡ್ ಬಿಟ್ಟರೆ ಹಳದಿಯಾಗುತ್ತದೆ. ಆ ಹಳದಿ ಎಷ್ಟು ಗಾಢ ಅಂತ ಯಂತ್ರ 450 ನ್ಯಾನೋಮೀಟರ್ ಬೆಳಕಿನಲ್ಲಿ ಓದುತ್ತದೆ. ತಮಾಷೆ ಏನೆಂದರೆ ಲೆಕ್ಕ ಉಲ್ಟಾ: ಬಣ್ಣ ತೆಳುವಾದಷ್ಟೂ ಕಾರ್ಟಿಸೋಲ್ ಜಾಸ್ತಿ. ಮೊದಲ ತಟ್ಟೆಯಲ್ಲಿ ರಾತ್ರಿಯ ಗುಳಿಗಳು ಅರಿಶಿನದಂತೆ ಹೊಳೆಯುತ್ತಿದ್ದವು, ಬೆಳಗಿನವು ನಿಂಬೆಹಣ್ಣಿನ ಪಾನಕದಂತೆ ಮಂಕಾಗಿದ್ದವು. ತಟ್ಟೆ ತಿರುಗಿಸಿ ಹಿಡಿದಿದ್ದೇನೆ ಅಂದುಕೊಂಡು ಎರಡು ಸಲ ನೋಡಿದೆ.

ಒಬ್ಬರ ನಡುರಾತ್ರಿಯ ಗುಳಿ ಮಾತ್ರ ಬೆಳಗಿನದರಷ್ಟೇ ತೆಳುವಾಗಿತ್ತು. ನನ್ನ ಎದೆ ಹೊಡೆದುಕೊಂಡಿತು. ಮೈಯಲ್ಲಿ ಕಾರ್ಟಿಸೋಲ್ ಅತಿಯಾಗುವ ಕುಶಿಂಗ್ ಕಾಯಿಲೆಯನ್ನು ಪತ್ತೆ ಮಾಡಲು ಡಾಕ್ಟರುಗಳು ನೋಡುವುದು ಇದನ್ನೇ, ತಡರಾತ್ರಿ ಇಳಿಯಬೇಕಾದದ್ದು ಇಳಿಯದೆ ಇರುವುದನ್ನು. ಫೋನ್ ಮಾಡಿ ಊಟ, ಔಷಧ, ಮುಲಾಮು, ಇನ್‌ಹೇಲರ್ ಎಲ್ಲ ಕೇಳಿದೆ. ಏನೂ ಇಲ್ಲ. ಇಡುವ ಮುಂಚೆ ಆಕೆ, "ಹಾಡ್ತೀನಲ್ಲಾ, ಗಂಟಲಿಗೆ ರಾತ್ರಿ ಜೇಷ್ಠಮಧು ಅಗೀತೀನಿ" ಅಂದರು. ಅಲ್ಲಿಗೆ ಸಿಕ್ಕಿತು. ಜೊಲ್ಲಿನ ಗ್ರಂಥಿಯಲ್ಲಿ ಕಾರ್ಟಿಸೋಲನ್ನು ಕಾರ್ಟಿಸೋನ್ ಆಗಿ ಬದಲಿಸುವ ಕಿಣ್ವ ಒಂದಿದೆ. ಜೇಷ್ಠಮಧುವಿನ ಗ್ಲಿಸಿರೈಜಿನ್ ಅದರ ಕೈ ಕಟ್ಟಿಹಾಕುತ್ತದೆ. ಬದಲಾಗದ ಕಾರ್ಟಿಸೋಲ್ ಹಾಗೇ ಬಾಯಿಗೆ ಬರುತ್ತದೆ. ಕಿಡ್ನಿಯಲ್ಲೂ ಅದೇ ಕಿಣ್ವ ಇರುವುದರಿಂದ ಜೇಷ್ಠಮಧು ಅತಿಯಾದರೆ ಬಿಪಿ ಏರುತ್ತದೆ. ಕೆಲವು ವಾರ ಬಿಡಿಸಿ ಮತ್ತೆ ತೆಗೆದೆ. ರಾತ್ರಿಯ ಗುಳಿ ಅರಿಶಿನವಾಯಿತು.

ನರ್ಸ್‌ಗಳಿಗೆ ಹೇಳುವುದನ್ನು ನಾನೂ ಮಾಡಬೇಕು ಅಂತ ಮೂರು ರಾತ್ರಿ ವಾರ್ಡಿನಲ್ಲಿ ಅವರ ಜೊತೆ ಎಚ್ಚರವಿದ್ದೆ. ನಸುಕಿನ ನಾಲ್ಕಕ್ಕೆ ಚಳಿ, ಬಾಯಿ ಒಣಗಿ ಸುರುಳಿ ಒದ್ದೆಯಾಗಲು ಐದು ನಿಮಿಷ. ಎಂಟಕ್ಕೆ ಬಸ್ಸು ಹತ್ತಿದೆ, ಕಣ್ಣಿಗೆ ನೇರ ಬಿಸಿಲು. ಮನೆಗೆ ಹೋಗಿ ಮಲಗಿ ಮಧ್ಯಾಹ್ನ ಮೂರೂವರೆಗೆ ಎದ್ದೆ. ಆಮೇಲೆ ಅಂಕಿ ನೋಡಿದರೆ, ಬಸ್ಸಿನಲ್ಲಿ ತೆಗೆದದ್ದೇ ಎಲ್ಲಕ್ಕಿಂತ ಹೆಚ್ಚು. ಮೂರೂವರೆಗೆ ಎದ್ದಾಗ ಏರಿಕೆಯೇ ಇಲ್ಲ, ಗೆರೆ ಸಪಾಟು. ಮೂರು ರಾತ್ರಿ ನಿದ್ದೆಗೆಟ್ಟರೂ ಮೈ ಒಪ್ಪಿರಲಿಲ್ಲ. ಅದರ ಲೆಕ್ಕದಲ್ಲಿ ಬೆಳಗು ಅಂದರೆ ಬೆಳಗೇ. ನಿದ್ದೆ ಮಾಡಬೇಕು ಅಂತ ನರ್ಸ್ ಮನೆಗೆ ಹೋಗುವ ಹೊತ್ತಿಗೇ ಒಳಗಿನವರು 'ಏಳು' ಅಂತ ಬಾಗಿಲು ಬಡಿಯುತ್ತಿರುತ್ತಾರೆ.

ಒಳಗಿನವರು ಅಂದರೆ, ಕಣ್ಣಿನ ನರಗಳು ದಾಟುವ ಜಾಗದ ಮೇಲೆ ಕೂತ ಸುಮಾರು 20,000 ನರಕೋಶಗಳ ಗುಂಪು, ಮೈಯೊಳಗಿನ ಗಡಿಯಾರ. ಇದನ್ನು ಬಿಸಿಲಿಲ್ಲದೆ, ಗಡಿಯಾರವಿಲ್ಲದೆ ಬಿಟ್ಟರೆ ಏನಾಗುತ್ತದೆ ಅಂತ ನೋಡಲು ಜರ್ಮನಿಯ ಆಂಡೆಕ್ಸ್‌ನಲ್ಲಿ ಜನರನ್ನು ಬಂಕರಿನಲ್ಲಿ ಇಟ್ಟಿದ್ದರು. ನಮ್ಮ ಪಕ್ಕದ ಮದುರೈನಲ್ಲೂ ಅಂಥ ಬಂಕರ್ ಇತ್ತು, ಮೈಯ ಗಡಿಯಾರದ ಸಂಶೋಧಕ ಎಂ.ಕೆ. ಚಂದ್ರಶೇಖರನ್ ಅವರ ಲ್ಯಾಬಿನದು. ಅವರು ಆಮೇಲೆ ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರಕ್ಕೆ ಬಂದರು. ಬಂಕರಿನವರ ದಿನ 25 ಗಂಟೆಯ ಹತ್ತಿರಕ್ಕೆ ಉದ್ದವಾಗುತ್ತದೆ ಅಂತ ಬಹಳ ಕಾಲ ನಂಬಿದ್ದರು. ಆದರೆ ಬಂಕರಿನಲ್ಲಿದ್ದವರು ತಮಗೆ ಬೇಕಾದಾಗ ದೀಪ ಹಾಕಿಕೊಳ್ಳುತ್ತಿದ್ದರು, ಆ ಬೆಳಕೇ ಗಡಿಯಾರವನ್ನು ಹಿಂದಕ್ಕೆ ಎಳೆಯುತ್ತಿತ್ತು. 1999ರಲ್ಲಿ ಹಾರ್ವರ್ಡ್‌ನವರು ಮಬ್ಬು ಬೆಳಕಿನಲ್ಲಿ ಅಳೆದಾಗ ಸಿಕ್ಕಿದ್ದು ಸರಾಸರಿ 24 ಗಂಟೆ 11 ನಿಮಿಷ. ಬರೀ 11 ನಿಮಿಷ ನೋಡಿ! ಇಂಥ ಹಟಮಾರಿ ಗಡಿಯಾರ ಮೂರು ರಾತ್ರಿಗೆ ಬಗ್ಗುತ್ತದಾ?

ಈಗ ಮೊಬೈಲ್ ತೆರೆದರೆ ಕಾರ್ಟಿಸೋಲ್ ಇಳಿಸುವ ಜ್ಯೂಸು, ಕಾರ್ಟಿಸೋಲ್ ಮುಖ, ಕಾರ್ಟಿಸೋಲ್ ಡಿಟಾಕ್ಸು. ನನಗೆ ಸಿಟ್ಟೇ ಬರುತ್ತದೆ. ಕಾರ್ಟಿಸೋಲ್ ಇಲ್ಲದೆ ಹೋದರೆ ಅದು ಅಡಿಸನ್ ಕಾಯಿಲೆ, ಚಿಕಿತ್ಸೆ ಸಿಗದಿದ್ದರೆ ಜೀವಕ್ಕೇ ಅಪಾಯ. ಕಳೆದ ಯುಗಾದಿಗೆ ಮಾವ ಒಬ್ಬರು ಹೆಲ್ತ್ ಪ್ಯಾಕೇಜಿನ ರಿಪೋರ್ಟು ಹಿಡಿದು ಬಂದರು, ಕಾರ್ಟಿಸೋಲ್ ಕಡಿಮೆ ಅಂತ ಕೆಂಪು ಗುರುತು. "ಎಷ್ಟೊತ್ತಿಗೆ ರಕ್ತ ಕೊಟ್ರಿ?" ಅಂದೆ. ಊಟ ಮುಗಿಸಿ ನಾಲ್ಕೂವರೆಗೆ. ಅದನ್ನು ಬೆಳಗ್ಗೆ ಎಂಟರ ಅಂಕಿಗೆ ಹೋಲಿಸಿ ಗುರುತು ಹಾಕಿದ್ದರು.

ಕೊನೆಯ ವರ್ಷ ಅಮ್ಮನೇ, "ನಂದೂ ಒಂದು ನೋಡು" ಅಂದರು. ಅಧ್ಯಯನಕ್ಕೆ ಸೇರಿಸುವ ಹಾಗಿರಲಿಲ್ಲ, ತಟ್ಟೆಯಲ್ಲಿ ಖಾಲಿ ಗುಳಿಗಳಿದ್ದವು ಅಂತ ಟ್ಯೂಬು ಕೊಟ್ಟು ಬಂದೆ. ಅವರು ಅಲಾರಂ ಇಟ್ಟವರಲ್ಲ. ಟ್ಯೂಬುಗಳು ಬಂದವು, ಸುತ್ತಿದ ಚೀಟಿಗಳಲ್ಲಿ ದುಂಡು ಅಕ್ಷರ: 'ಎದ್ದಾಗ', 'ಬಾಗಿಲಿಗೆ ನೀರು ಹಾಕಿದ ಮೇಲೆ', 'ಹಾಲಿನವನು ಬಂದಾಗ'. ಹಾಲಿನವನ ನಂಬರು ಹುಡುಕಿ ಫೋನ್ ಮಾಡಿದೆ. "ಐದೂ ನಲವತ್ತಕ್ಕೆ ಅಕ್ಕ, ಮಳೆ ಇದ್ರೆ ಐದೂ ಐವತ್ತು" ಅಂದ. ಆ ದಿನ ತಿಪಟೂರಿನಲ್ಲಿ ಮಳೆ ಇತ್ತಾ ಅಂತ ಅಮ್ಮನಿಗೆ ಮತ್ತೆ ಫೋನ್ ಹಚ್ಚಿದೆ.