ಆರು ಸಾವಿರದ ಹಳೇ ಬೇಸ್: ತಗೊಳ್ಳೋದಾ, ಬಿಡೋದಾ?

"ಮಾಮ, ಆರು ಸಾವಿರಕ್ಕೆ ಒಂದು ಬೇಸ್ ಗಿಟಾರ್ ಸಿಗ್ತಾ ಐತಿ. ತಗೊಳ್ಳಲಾ?"

ಅಕ್ಕನ ಮಗ ವಿದ್ಯಾನಗರದಿಂದ ಫೋನ್ ಮಾಡಿದ್ದ. ಹಾಸ್ಟೆಲ್ ಹುಡುಗನೊಬ್ಬ ಓದು ಮುಗಿಸಿ ಊರಿಗೆ ಹೊರಟಿದ್ದಾನೆ, ಬೇಸ್ ಮಾರಿ ಹೋಗಬೇಕಂತೆ. ದಾವಣಗೆರೆಯಲ್ಲಿ ಇಂಜಿನಿಯರಿಂಗ್, ಮೆಡಿಕಲ್ ಓದುವ ಹುಡುಗರು ಜಾಸ್ತಿ. ಹೀಗಾಗಿ ಪರೀಕ್ಷೆ ಮುಗಿದ ಕಾಲಕ್ಕೆ ಗಿಟಾರ್‌ಗಳು ಕೈ ಬದಲಾಗುವುದು ಇದ್ದದ್ದೇ. ನಾನು ಅವನಿಗೆ ಹೇಳಿದ್ದು ಇಷ್ಟೇ: ರೇಟಿನ ಮಾತು ಆಮೇಲೆ, ಮೊದಲು ನೆಕ್ ನೋಡು, ಅಂದರೆ ತಂತಿಗಳ ಕೆಳಗಿನ ಉದ್ದನೆಯ ಮರದ ಹಿಡಿ.

ಇದನ್ನು ನಾನು ದುಡ್ಡು ಕಳಕೊಂಡು ಕಲಿತೆ. ನನ್ನ ಮೊದಲ ಬೇಸ್‌ಗೆ 4,500 ರೂಪಾಯಿ ಕೊಟ್ಟಿದ್ದೆ. ಬಣ್ಣ ಫಳಫಳ ಹೊಳೆಯುತ್ತಿತ್ತು. ನೆಕ್ ತಿರುಚಿಕೊಂಡಿದೆ ಅಂತ ಗೊತ್ತಾಗಿದ್ದು ಒಂದು ತಿಂಗಳಾದ ಮೇಲೆ. ಆ ವರ್ಷ ಗಣೇಶನ ಹಬ್ಬದ ಆರ್ಕೆಸ್ಟ್ರಾದಲ್ಲಿ ಬೇರೆಯವರ ಬೇಸ್ ಕೇಳಿ ತಂದು ನುಡಿಸಿದೆ. ಆ ನೋವು ಇನ್ನೂ ಇದೆ. ಅದಕ್ಕೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ನೋಡಲು ಹೋಗುವ ಮುಂಚೆ

ಕಲಿಯುವವರಿಗೆ ನಾಲ್ಕು ತಂತಿಯ ಬೇಸ್ ಸಾಕು. ದಪ್ಪ ತಂತಿಯಿಂದ ಶುರು ಮಾಡಿದರೆ ಇ, ಎ, ಡಿ, ಜಿ. ಸಾಮಾನ್ಯ ಬೇಸ್‌ನಲ್ಲಿ ನೆಕ್ಕಿನ ತುದಿಯಲ್ಲಿ ತಂತಿ ಕೂರುವ ನಟ್‌ನಿಂದ ಬಾಡಿ ಮೇಲಿನ ಬ್ರಿಡ್ಜ್‌ವರೆಗೆ ತಂತಿಯ ಉದ್ದ 34 ಇಂಚು ಇರುತ್ತದೆ. ಹನ್ನೆರಡು ಹದಿಮೂರು ವರ್ಷದ ಮಕ್ಕಳಿಗಾದರೆ 30 ಇಂಚಿನದನ್ನು ಹುಡುಕಿ, ಬೆರಳು ಎಟುಕುತ್ತದೆ.

ಅದೇ ಮಾಡೆಲ್ ಹೊಸದು ಇವತ್ತು ಎಷ್ಟಕ್ಕೆ ಸಿಗುತ್ತದೆ ಅಂತ ನೋಡಿಕೊಂಡು ಹೋಗಿ. ಹೊಸದರ ಅರ್ಧದಷ್ಟು ಕೇಳಿದರೆ ನೋಡಬಹುದು. ಮುಕ್ಕಾಲು ಭಾಗ ಕೇಳಿದರೆ ನಾನಂತೂ ಸ್ವಲ್ಪ ದಿನ ಕಾದು, ವಾರಂಟಿ ಇರುವ ಹೊಸದನ್ನೇ ತಗೊಳ್ಳುತ್ತೇನೆ. ಯಮಹಾ, ಐಬನೆಜ್, ಕೊರ್ಟ್, ಸ್ಕ್ವಯರ್ ಹೆಸರಿದ್ದರೆ ಮುಂದೆ ಮಾರುವುದೂ ಸುಲಭ.

ಫೋನಿನಲ್ಲಿ ಕಳಿಸಿದ ವಿಡಿಯೊ ನೋಡಿ ತೀರ್ಮಾನಿಸಬೇಡಿ. ಬೇಸ್‌ನ ಇ ತಂತಿಯ ದನಿ ಸುಮಾರು 41 ಹರ್ಟ್ಸ್. ಅಷ್ಟು ಕೆಳಗಿನ ದನಿಯನ್ನು ಫೋನಿನ ಸಣ್ಣ ಸ್ಪೀಕರ್ ಹೊರಡಿಸಲಾರದು. ನೀವು ಕೇಳುವುದು ಆ ದನಿಯ ಮೇಲಿನ ಎಳೆಗಳನ್ನು ಮಾತ್ರ. ಹಗಲು ಹೊತ್ತಿನಲ್ಲಿ ಹೋಗಿ, ಕೈಯಲ್ಲಿ ಹಿಡಿದು ನೋಡಿ. ಜೇಬಲ್ಲಿ ಒಂದು ವಿಸಿಟಿಂಗ್ ಕಾರ್ಡ್, ಫೋನಲ್ಲಿ ಟ್ಯೂನರ್ ಆ್ಯಪ್, ನಿಮ್ಮದೇ ಒಂದು ಕೇಬಲ್ ಇರಲಿ. ನೋಡುವ ಮುಂಚೆ ಅಡ್ವಾನ್ಸ್ ಹಾಕಲೇಬೇಡಿ.

ನೆಕ್: ಇಲ್ಲೇ ತೀರ್ಮಾನ

ನಾಲ್ಕು ತಂತಿ ಸೇರಿ ನೆಕ್ಕನ್ನು ಸುಮಾರು 70–80 ಕಿಲೋ ಬಲದಿಂದ ಎಳೆಯುತ್ತಿರುತ್ತವೆ. ಹಗಲೂ ರಾತ್ರಿ ಎಳೆಯುತ್ತವೆ. ಮರ ಬಾಗದೆ ಇರಲಿ ಅಂತ ಒಳಗೆ ಒಂದು ಕಬ್ಬಿಣದ ಸರಳು ಇರುತ್ತದೆ. ಅದೇ ಟ್ರಸ್ ರಾಡ್. ಈ ಎಳೆತ ಗೊತ್ತಿದ್ದರೆ ಮುಂದಿನದೆಲ್ಲ ಅರ್ಥವಾಗುತ್ತದೆ.

ಮೊದಲು, ಬಡಗಿ ಒಂದು ಕಣ್ಣು ಮುಚ್ಚಿ ರೀಪರ್ ನೋಡುತ್ತಾನಲ್ಲ, ಹಾಗೆ ನೋಡಿ. ಬಾಡಿ ಕಡೆಯಿಂದ ಬಿರಡೆಗಳಿರುವ ತಲೆಯ ಕಡೆಗೆ, ನೆಕ್ಕಿನ ಎರಡೂ ಅಂಚಿನ ಗುಂಟ ಕಣ್ಣು ಹಾಯಿಸಿ. ಎರಡೂ ಅಂಚು ಒಂದೇ ಥರ ಹೋಗಬೇಕು. ಒಂದು ಅಂಚು ನೆಟ್ಟಗೆ, ಇನ್ನೊಂದು ಬಾಗಿ ಕಂಡರೆ ನೆಕ್ ತಿರುಚಿದೆ ಅಂತ ಅರ್ಥ. ಮಾಮೂಲಿ ಟ್ರಸ್ ರಾಡ್‌ನಿಂದ ತಿರುಚು ಹೋಗುವುದಿಲ್ಲ. ನಮಸ್ಕಾರ ಹೇಳಿ ಎದ್ದು ಬನ್ನಿ, ಎರಡು ಸಾವಿರಕ್ಕೆ ಕೊಟ್ಟರೂ ಬೇಡ.

ಬಾಗು ಬೇರೆ ವಿಷಯ. ದಪ್ಪ ತಂತಿಯನ್ನು ಒಂದು ಕೈಯಲ್ಲಿ ಮೊದಲನೇ ಫ್ರೆಟ್ (ನೆಕ್ ಮೇಲಿನ ಅಡ್ಡ ಲೋಹದ ಪಟ್ಟಿ) ಹತ್ತಿರ, ಇನ್ನೊಂದು ಕೈಯಲ್ಲಿ ನೆಕ್ ಬಾಡಿಗೆ ಸೇರುವ ಕಡೆ ಒತ್ತಿ ಹಿಡಿಯಿರಿ. ಈಗ ಆ ತಂತಿ ಎಳೆದು ಕಟ್ಟಿದ ದಾರದ ಹಾಗೆ ನೆಟ್ಟಗೆ ನಿಲ್ಲುತ್ತದೆ. 7–8ನೇ ಫ್ರೆಟ್ ಹತ್ತಿರ ತಂತಿಗೂ ಫ್ರೆಟ್‌ಗೂ ಮಧ್ಯೆ ವಿಸಿಟಿಂಗ್ ಕಾರ್ಡ್ ನುಸುಳುವಷ್ಟು ಜಾಗ ಇದ್ದರೆ ಚೆನ್ನಾಗಿದೆ. ಜಾಗವೇ ಇಲ್ಲದಿದ್ದರೆ ನೆಕ್ ತೀರಾ ನೆಟ್ಟಗಿದೆ, ಇಲ್ಲವೇ ಹಿಂದಕ್ಕೆ ಬಾಗಿದೆ. ಒಂದು ಮಿಲಿಮೀಟರ್‌ಗಿಂತ ಜಾಸ್ತಿ ಇದ್ದರೆ ಮುಂದಕ್ಕೆ ಬಾಗಿದೆ. ಎರಡನ್ನೂ ಸರಿ ಮಾಡಬಹುದು, ಆದರೆ ರಾಡ್ ಕೆಲಸ ಮಾಡುತ್ತಿರಬೇಕು. ರಾಡಿನ ತುದಿಯ ನಟ್‌ಗೆ ಆ್ಯಲನ್ ಕೀ (ಆರು ಮೂಲೆಯ ಕೀಲಿ) ಹಾಕಿ ಕಾಲು ಸುತ್ತು ತಿರುಗಿಸಿ ತೋರಿಸಲು ಮಾರುವವರನ್ನೇ ಕೇಳಿ. ಕೀ ಜಾರುತ್ತಿದ್ದರೆ, ಅಥವಾ ನಟ್ ಆಗಲೇ ಕೊನೆವರೆಗೂ ಬಿಗಿದಿದ್ದರೆ, ಆ ಬೇಸ್ ಬೇಡ.

ತಲೆಯ ಹಿಂಭಾಗದಲ್ಲಿ, ನೆಕ್ ಸಣ್ಣಗಾಗುವ ಕಡೆ ಸೀಳು ಇದೆಯಾ ನೋಡಿ. ಬಾಡಿ ಮೇಲಿನ ಗೀರು, ಉದುರಿದ ಬಣ್ಣಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ನಮ್ಮ ಕಡೆ ಇನ್ನೊಂದು ನೋಡಬೇಕು. ಬೇಸಿಗೆಯ ಒಣ ಗಾಳಿಗೆ ಮರ ಕುಗ್ಗುತ್ತದೆ, ಫ್ರೆಟ್ ಕುಗ್ಗುವುದಿಲ್ಲ. ಆಗ ಫ್ರೆಟ್ ತುದಿಗಳು ಅಂಚಿನಿಂದ ಹೊರಗೆ ಇಣುಕುತ್ತವೆ. ತಗಡಿನ ಶೀಟಿನ ಕೆಳಗೆ, ಅಟ್ಟದ ಮೇಲೆ ಇಟ್ಟ ಬೇಸ್ ಆದರೆ ಇನ್ನೂ ಜಾಸ್ತಿ. ಅಂಚಿನ ಮೇಲೆ ಬೆರಳು ಎಳೆದರೆ ಗರಗಸ ಸವರಿದ ಹಾಗೆ ಆಗುತ್ತದೆ. ಅರ ಹಾಕಿ ಉಜ್ಜಿದರೆ ಹೋಗುತ್ತದೆ. ಇದಕ್ಕೆ ಬೇಸ್ ಬಿಡಬೇಕಾಗಿಲ್ಲ, ಐನೂರು ಇಳಿಸಿ ಕೇಳಬಹುದು.

ಎಂಬತ್ತು ಸ್ವರ

ಶ್ರುತಿ ಮಾಡಿಕೊಂಡು ಪ್ರತಿ ತಂತಿಯ ಪ್ರತಿ ಫ್ರೆಟ್ ನುಡಿಸಿ. 20 ಫ್ರೆಟ್ ಇದ್ದರೆ ನಾಲ್ಕು ತಂತಿಗೆ 80 ಸ್ವರ. ಐದು ನಿಮಿಷದ ಕೆಲಸ. ಮಾರುವವರು ಪಕ್ಕದಲ್ಲಿ ನಿಂತಿದ್ದಾರೆ ಅಂತ ಅವಸರ ಮಾಡಬೇಡಿ.

ಎಲ್ಲ ಕಡೆ ಸ್ವಲ್ಪ ಸ್ವಲ್ಪ ಜುಂಯ್ ಅಂದರೆ ತಂತಿ ತಗ್ಗಿದೆ, ಎತ್ತರಿಸಿದರಾಯಿತು. ಒಂದೇ ಜಾಗದಲ್ಲಿ ಸ್ವರ ಸತ್ತುಹೋದರೆ ಅದರ ಮುಂದಿನ ಫ್ರೆಟ್ ಎದ್ದಿರಬಹುದು. ಫ್ರೆಟ್ ಕೆಲಸಕ್ಕೆ ನಾನು ಬೇಸನ್ನು ಬೆಂಗಳೂರಿಗೆ ಕಳಿಸಿದ್ದೇನೆ, 260 ಕಿಲೋಮೀಟರ್ ದೂರ. ಹೋಗಿ ಬರುವ ಖರ್ಚೂ ಸೇರುತ್ತದೆ. ಜಿ ತಂತಿಯ 5ರಿಂದ 7ನೇ ಫ್ರೆಟ್ ನಡುವೆ ಒಂದು ಸ್ವರ ಬೇಗ ಆರಿಹೋಗುವುದು ಮಾತ್ರ ಒಳ್ಳೆಯ ಬೇಸ್‌ಗಳಲ್ಲೂ ಇರುತ್ತದೆ, ಅದಕ್ಕೆ ಹೆದರಬೇಡಿ.

12ನೇ ಫ್ರೆಟ್ ಮೇಲೆ ತಂತಿಯ ಎತ್ತರ ಎರಡು, ಎರಡೂವರೆ ಮಿಲಿಮೀಟರ್ ಇದ್ದರೆ ಕೈಗೆ ಹಿತ. ನಾಲ್ಕು ಇದ್ದು, ಬ್ರಿಡ್ಜಿನ ಸ್ಯಾಡಲ್‌ಗಳು (ತಂತಿ ಕೂರುವ ತುಂಡುಗಳು) ಆಗಲೇ ತಳಕ್ಕೆ ಕೂತಿದ್ದರೆ ಇಳಿಸಲು ಜಾಗ ಇಲ್ಲ. ಹೊಸಬರ ಬೆರಳಿಗೆ ಅದು ತುಂಬಾ ಕಷ್ಟ.

ವೈರಿಂಗ್

ಇದು ಸುಲಭ. ಆ್ಯಂಪ್‌ಗೆ (ಆ್ಯಂಪ್ಲಿಫೈಯರ್) ಹಾಕಿ ನಾಬ್ ತಿರುಗಿಸಿ. ಕರಕರ ಅಂದರೆ ಧೂಳು. ಕೇಬಲ್ ಅಲ್ಲಾಡಿಸಿದಾಗ ದನಿ ಹೋಗಿ ಬಂದರೆ ಕೇಬಲ್ ಚುಚ್ಚುವ ಜ್ಯಾಕಿನ ದೋಷ. ಇನ್ನೂರು ರೂಪಾಯಿಯೊಳಗಿನ ಸಾಮಾನು, ಸೋಲ್ಡರಿಂಗ್ ಬರುವ ರೇಡಿಯೊ ರಿಪೇರಿಯವರೂ ಹಾಕಿಕೊಡುತ್ತಾರೆ. ಸ್ಕ್ರೂ ಡ್ರೈವರ್ ತುದಿಯಿಂದ ಪ್ರತಿ ಪಿಕಪ್ಪನ್ನು (ತಂತಿಯ ಕೆಳಗಿನ, ದನಿ ಹಿಡಿಯುವ ಭಾಗ) ಮೆಲ್ಲಗೆ ತಟ್ಟಿ, ಟಕ್ ಅಂತ ಕೇಳಿದರೆ ಜೀವ ಇದೆ. ಬ್ಯಾಟರಿ ಹಾಕುವ ಬೇಸ್ ಆದರೆ ಹೊಸ 9 ವೋಲ್ಟ್ ಬ್ಯಾಟರಿ ಹಾಕಿಸಿ ಕೇಳಿ.

ತಂತಿ ಮುಟ್ಟಿದಾಗ ಗುಂಯ್ ಸದ್ದು ಕಡಿಮೆಯಾದರೆ ಗಾಬರಿ ಬೇಡ, ಅದು ಹಾಗೇ ಇರಬೇಕು. ಮುಟ್ಟಿದಾಗ ಜುಮ್ ಅಂತ ಶಾಕ್ ಹೊಡೆದರೆ ಕೂಡಲೇ ಕೈ ತೆಗೆಯಿರಿ. ಆ್ಯಂಪ್‌ದೋ, ಪ್ಲಗ್‌ದೋ ಅರ್ಥಿಂಗ್ ಸರಿಯಿಲ್ಲ. ಪೆಂಡಾಲಿನಲ್ಲಿ ನುಡಿಸುವವರು ಇದನ್ನು ಯಾವತ್ತೂ ಮರೆಯಬಾರದು.

ಲೆಕ್ಕ

ಆರು ಸಾವಿರದ ಬೇಸ್ ಆರು ಸಾವಿರಕ್ಕೇ ಮುಗಿಯುವುದಿಲ್ಲ. ಒಳ್ಳೆಯ ತಂತಿ ಸೆಟ್‌ಗೆ ಎರಡು ಸಾವಿರದ ಆಸುಪಾಸು ಬೇಕು. ಕೇಬಲ್, ಬೆಲ್ಟ್, ಬ್ಯಾಗ್ ಸೇರಿದರೆ ಎಂಟೂವರೆ, ಒಂಬತ್ತು. ದುಡ್ಡು ಕೂಡಿಸುವವರೆಗೆ ಹಳೇ ತಂತಿ ಬಿಚ್ಚಿ ಹತ್ತು ನಿಮಿಷ ನೀರಲ್ಲಿ ಕುದಿಸಿ, ಒರೆಸಿ ಒಣಗಿಸಿ ಹಾಕಿ. ಕೆಲವು ದಿನ ದನಿ ಮತ್ತೆ ಏಳುತ್ತದೆ. ಮನೆಯಲ್ಲಿರುವ ಸಣ್ಣ ಗಿಟಾರ್ ಆ್ಯಂಪ್‌ಗೆ ಬೇಸ್ ಹಾಕಿ ಜೋರು ಮಾಡಬೇಡಿ, ಸ್ಪೀಕರ್ ಹರಿಯಬಹುದು. ಮೊದಲ ತಿಂಗಳಿಗೆ ಒಂದು ಹೆಡ್‌ಫೋನ್ ಆ್ಯಂಪ್ ಸಾಕು.

ಎಷ್ಟರವರೆಗೆ ಹೋಗಬಹುದು ಅಂತ ಮನೆಯಲ್ಲೇ ಬರೆದುಕೊಂಡು ಹೋಗಿ. ಕಂಡ ದೋಷವನ್ನು ಮರ್ಯಾದೆಯಿಂದ ತೋರಿಸಿ, ಅಷ್ಟು ಕಡಿಮೆ ಕೇಳಿ. ಬಿಲ್ ಇದೆಯಾ ಅಂತಲೂ ಕೇಳಿ, ಇಲ್ಲದಿದ್ದರೆ ಯಾರಿಂದ ಬಂತು ಅಂತ ತಿಳಿದುಕೊಳ್ಳಿ.

ಅಕ್ಕನ ಮಗ ಆ ಹಾಸ್ಟೆಲ್ ಬೇಸ್ ಬಿಟ್ಟು ಬಂದ. ಕೀ ಜಾರುತ್ತಿತ್ತಂತೆ. ಎರಡು ವಾರ ಬಿಟ್ಟು ಪಿ.ಜೆ. ಬಡಾವಣೆಯಲ್ಲಿ ಇನ್ನೊಂದು ಸಿಕ್ಕಿತು. ಬಣ್ಣ ಉದುರಿದೆ, ಜ್ಯಾಕ್ ಸಡಿಲ, ನೆಕ್ ಮಾತ್ರ ಚೆನ್ನಾಗಿದೆ. 6,500 ಹೇಳಿದ್ದರು, 5,800ಕ್ಕೆ ಕೊಟ್ಟರು. ಈ ಭಾನುವಾರ ಇಬ್ಬರೂ ಕೂತು ಜ್ಯಾಕ್ ಬದಲಾಯಿಸುತ್ತೇವೆ.