ಬಳೆಯ ಪೈ 3.35 ಬಂದ ದಿನ

ಮುಂಬೈಯ ಮುಲುಂಡ್‌ನ ನಮ್ಮ ಬಿಲ್ಡಿಂಗ್‌ನಲ್ಲಿ ಕನ್ನಡದವರ ಮನೆ ಐದಾರು ಇವೆ. ಬ್ಯಾಂಕಿನಿಂದ ರಿಟೈರ್ ಆದ ಮೇಲೆ ಭಾನುವಾರ ಬೆಳಗ್ಗೆ ಆ ಮನೆಗಳ ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಫೀಸು ಅಂತ ಏನಿಲ್ಲ. ಆಗಾಗ ಒಂದು ಡಬ್ಬಿ ನೀರುದೋಸೆ ಬರುತ್ತದೆ, ಅಷ್ಟು ಸಾಕು.

ಒಂದು ದಿನ "ಪೈ ಅಂದ್ರೆ ಏನ್ರೋ?" ಅಂದೆ. "ಬಾಯೀಸ್ ಬಟಾ ಸಾತ್" ಅಂತ ಎಲ್ಲರೂ ಒಟ್ಟಿಗೆ ಕೂಗಿದರು. ನಾನೂ ಶಾಲೆಯಲ್ಲಿ ಹಾಗೇ ಕಲಿತವನು. 22/7 ಪೈಯೇ ಅಲ್ಲ, ಅದರ ಹತ್ತಿರದ ನೆಂಟ ಅಂತ ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ. 22/7 ಅಂದರೆ 3.1428, ಪೈ 3.1415. ಮೂರನೇ ದಶಮಾಂಶಕ್ಕೇ ದಾರಿ ಬೇರೆ. 499ರಲ್ಲೇ ಆರ್ಯಭಟ 62832/20000, ಅಂದರೆ 3.1416 ಕೊಟ್ಟು, ಇದು 'ಆಸನ್ನ', ಹತ್ತಿರದ್ದು ಅಷ್ಟೇ, ಅಂತಲೂ ಹೇಳಿದ್ದ. ಆ ಒಂದು ಪದ ನಮಗೆ ಯಾರೂ ಹೇಳಲಿಲ್ಲ!

ಸರಿ, ವೃತ್ತದ ಸುತ್ತಳತೆಯನ್ನು ವ್ಯಾಸದಿಂದ ಭಾಗಿಸಿದರೆ ಬರುವುದೇ ಪೈ, ಅಳೆದೇ ನೋಡೋಣ ಅಂದೆ. ದಾರ, ಸ್ಕೇಲು ಬಂತು. ಊಟದ ತಟ್ಟೆಗೆ 3.14 ಬಂತು, ಎಲ್ಲರಿಗೂ ಖುಷಿ. ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ತನ್ನ ಬಳೆ ಬಿಚ್ಚಿ ಅಳೆದಳು. "ಅಂಕಲ್, ನನ್ನ ಬಳೇದು 3.35!"

ದಾರ ಜಗ್ಗಿರಬೇಕು ಅಂದುಕೊಂಡೆ. ಮತ್ತೆ ಅಳೆಸಿದೆ, ಮತ್ತೆ ಅದೇ. ಆಮೇಲೆ ಅವಳ ಕೈ ನೋಡಿದೆ. ದಾರವನ್ನು ಬಳೆಯ ಹೊರಗೆ ಸುತ್ತಿದ್ದಳು, 20.1 ಸೆಂಟಿಮೀಟರ್. ಸ್ಕೇಲನ್ನು ಮಾತ್ರ ಒಳಗೆ ಇಟ್ಟಿದ್ದಳು, 6 ಸೆಂಟಿಮೀಟರ್. ಸುತ್ತಳತೆ ಹೊರಗಿನ ವೃತ್ತದ್ದು, ವ್ಯಾಸ ಒಳಗಿನ ವೃತ್ತದ್ದು! ಹೊರಗಿನ ವ್ಯಾಸ 6.4. ಭಾಗಿಸಿದರೆ 3.14. 'ಒಂದೇ ವೃತ್ತದ ಸುತ್ತಳತೆ ಭಾಗಿಸು ವ್ಯಾಸ' ಅಂತ ಬೋರ್ಡಿನ ಮೇಲೆ ಬರೆದು 'ಒಂದೇ' ಅನ್ನುವುದಕ್ಕೆ ಎರಡು ಗೆರೆ ಎಳೆದೆ. ಅಂಕಿ ಬಾಯಿಪಾಠ ಮಾಡಿದವರಿಗೆ ಆ ಪದದ ಬೆಲೆ ಗೊತ್ತಾಗುವುದಿಲ್ಲ ನೋಡಿ.

ಮುಂದಿನ ವಾರ e. ಇದು ನನ್ನ ಕಸುಬಿನ ಸಂಖ್ಯೆ. ಒಂದು ರೂಪಾಯಿ, ವರ್ಷಕ್ಕೆ ನೂರಕ್ಕೆ ನೂರು ಬಡ್ಡಿ. (ಅಂಥ ಎಫ್‌ಡಿ ಯಾರಾದರೂ ಕೊಡ್ತೀನಿ ಅಂದ್ರೆ ಓಡಿಹೋಗಿ ಅಂತಲೂ ಹೇಳಿದೆ.) ವರ್ಷಕ್ಕೊಮ್ಮೆ ಬಡ್ಡಿ ಸೇರಿಸಿದರೆ 2 ರೂಪಾಯಿ. ಆರು ತಿಂಗಳಿಗೊಮ್ಮೆ ಆದರೆ 2.25. ಮೂರು ತಿಂಗಳಿಗೊಮ್ಮೆ, ನಮ್ಮ ಬ್ಯಾಂಕುಗಳ ಎಫ್‌ಡಿ ತರಹ, 2.4414. ತಿಂಗಳಿಗೆ 2.6130, ದಿನಕ್ಕೆ 2.7146. "ಸೆಕೆಂಡಿಗೊಮ್ಮೆ ಸೇರಿಸಿದರೆ ಕೋಟ್ಯಧಿಪತಿ ಆಗಬಹುದಾ ಅಂಕಲ್?" ಇಲ್ಲಪ್ಪಾ, 2.71828 ದಾಟುವುದಿಲ್ಲ. 1683ರಲ್ಲಿ ಗಣಿತಜ್ಞ ಜೇಕಬ್ ಬರ್ನೂಲಿ ಕೇಳಿಕೊಂಡದ್ದೂ ಇದೇ ಬಡ್ಡಿಯ ಪ್ರಶ್ನೆ. (1 + 1/n) ಅನ್ನು n ಸಲ ಗುಣಿಸಿ, n ಬೆಳೆಸುತ್ತಾ ಹೋದರೆ ತಲುಪುವ ಸಂಖ್ಯೆಯೇ e.

ಒಬ್ಬ ತರಲೆ ಹುಡುಗ ಸೈಂಟಿಫಿಕ್ ಕ್ಯಾಲ್ಕುಲೇಟರ್‌ನಲ್ಲಿ nಗೆ 1ರ ಮುಂದೆ 20 ಸೊನ್ನೆ ಕೊಟ್ಟ. ಉತ್ತರ 1. ಅಷ್ಟು ಚಿಕ್ಕ ಬಡ್ಡಿಯನ್ನು ಮಷೀನು ನುಂಗಿಬಿಟ್ಟಿತ್ತು! ಆಗ ಇನ್ನೊಂದು ದಾರಿ ತೋರಿಸಿದೆ. 1 + 1 + 1/2 + 1/6 + 1/24 + 1/120. ಕೆಳಗಿನ ಅಂಕಿಗಳು 1×2, 1×2×3, 1×2×3×4, ಹೀಗೆ. ಆರೇ ಪದ, ಕೈಲೆಕ್ಕದಲ್ಲೇ 2.7167. ದಿನದಿನದ ಬಡ್ಡಿಗಿಂತ ಇದೇ e ಹತ್ತಿರ.

ಸುವರ್ಣ ಅನುಪಾತ 1.618 ಬಗ್ಗೆ ಜಾಸ್ತಿ ಹೇಳಲಿಲ್ಲ. ಒಂದು ಸೇರಿಸಿದರೂ ತನ್ನಿಂದ ತಾನೇ ಗುಣಿಸಿದರೂ ಒಂದೇ ಉತ್ತರ ಕೊಡುವ ಧನ ಸಂಖ್ಯೆ ಅದು, ಅಷ್ಟೇ. ಹೂವು, ಮುಖ, ಗುಡಿ ಎಲ್ಲದರಲ್ಲೂ ಅದೇ ಇದೆ ಅನ್ನುವ ಮಾತು ನನಗಂತೂ ಹಿಡಿಸುವುದಿಲ್ಲ.

ಈಗ ನಡೆಯುತ್ತಿರುವುದು ಗಾಮಾ, 0.5772. 1 + 1/2 + 1/3 ಅಂತ n ಪದ ಕೂಡಿಸಿ, ಅದರಿಂದ nನ ಲಾಗ್ ಕಳೆಯಬೇಕು, e ಆಧಾರದ ಲಾಗ್, ಅಂದರೆ eಯನ್ನು ಎಷ್ಟನೇ ಘಾತಕ್ಕೆ ಏರಿಸಿದರೆ n ಬರುತ್ತದೋ ಆ ಸಂಖ್ಯೆ. n ಬೆಳೆದಷ್ಟೂ ಉಳಿಕೆ ಗಾಮಾ ಹತ್ತಿರ ಬರುತ್ತದೆ. ಪೈಯನ್ನು ಭಿನ್ನರಾಶಿಯಾಗಿ ಬರೆಯಲು ಆಗುವುದಿಲ್ಲ ಅಂತ ಗಣಿತಜ್ಞ ಲ್ಯಾಂಬರ್ಟ್ 1761ರಲ್ಲೇ ಸಾಧಿಸಿದ. ಗಾಮಾ ವಿಷಯದಲ್ಲಿ ಆಗುತ್ತೋ ಇಲ್ವೋ ಅಂತ ಇವತ್ತಿಗೂ ಯಾರೂ ಸಾಧಿಸಿಲ್ಲ. ಇದನ್ನು ಕೇಳಿದ್ದೇ ತಡ, ಆ ತರಲೆ ಹುಡುಗ ಲೆಕ್ಕಕ್ಕೆ ಕೂತಿದ್ದಾನೆ. ಹತ್ತು ಪದಕ್ಕೆ 0.626 ಬಂದಿತ್ತು. ನಿನ್ನೆ ಲಿಫ್ಟಿನಲ್ಲಿ ಸಿಕ್ಕಿ, ನಲವತ್ತಕ್ಕೆ 0.5897 ಬಂತು ಅಂದ.